ಬೇತಮಂಗಲ ಸೀಮೆಯ ಶಾಲೆಗಳು: ಮನೆಮಾತಿಗೂ ಕಪ್ಪುಹಲಗೆಗೂ ನಡುವಿನ ನೂರೈವತ್ತು ವರ್ಷ

ಬೇತಮಂಗಲದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಸುತ್ತಲ ಹಳ್ಳಿಗಳಿಂದ ಬಂದ ರೈತರು ತೆಲುಗಿನಲ್ಲಿ ರೇಟು ಮಾತಾಡುತ್ತಾರೆ. ಕೆಜಿಎಫ್ ಬಸ್ಸಿಗೆ ಕಾಯುವವರ ಬಾಯಲ್ಲಿ ತಮಿಳು. ಅಂಗಡಿ ಸಾಲಿನಲ್ಲಿ ದಖನಿ ಉರ್ದು. ಕಂಡಕ್ಟರ್ ಕನ್ನಡದಲ್ಲಿ ಕೂಗಿ, ಯಾರು ಯಾವ ಭಾಷೆಯಲ್ಲಿ ಊರ ಹೆಸರು ಹೇಳಿದರೂ ಟಿಕೆಟ್ ಹರಿದು ಕೊಡುತ್ತಾನೆ. ಇದರಲ್ಲಿ ಇಲ್ಲಿನ ಯಾರಿಗೂ ಆಶ್ಚರ್ಯವಿಲ್ಲ. ಸಂತೆ, ಆಸ್ಪತ್ರೆ, ಪೊಲೀಸ್ ಠಾಣೆ ಎಲ್ಲ ಕಡೆಯೂ ವ್ಯವಹಾರ ಹೀಗೆಯೇ ನಡೆಯುತ್ತದೆ.

ಶಾಲೆಯಲ್ಲಿ ಮಾತ್ರ ಹಾಗೆ ನಡೆಯುವುದಿಲ್ಲ. ಮನೆಯಲ್ಲಿ ತೆಲುಗು ಬಿಟ್ಟು ಬೇರೇನೂ ಕೇಳದ ಆರು ವರ್ಷದ ಮಗು ಒಂದನೇ ತರಗತಿಗೆ ಬಂದು ಕೂರುತ್ತದೆ. ಪುಸ್ತಕ ಕನ್ನಡದ್ದು, ಹಲಗೆಯ ಮೇಲಿನ ಅಕ್ಷರ ಕನ್ನಡದ್ದು. ಮಗು ಸುಮ್ಮನಿದ್ದರೆ ‘ಮಂಕು’ ಎಂಬ ಹೆಸರು ಬರುತ್ತದೆ. ತನ್ನ ಮಾತಿನಲ್ಲಿ ಉತ್ತರ ಹೇಳಿದರೆ ಮಿಕ್ಕವರು ನಗುತ್ತಾರೆ. ಈ ಮಗುವಿಗೆ ಯಾವ ಭಾಷೆಯಲ್ಲಿ ಪಾಠ ಹೇಳಬೇಕು ಎಂಬ ಪ್ರಶ್ನೆಗೆ ಸರ್ಕಾರ, ಚಳವಳಿ, ನ್ಯಾಯಾಲಯ ಎಲ್ಲವೂ ನೂರೈವತ್ತು ವರ್ಷಗಳಿಂದ ಉತ್ತರ ಹುಡುಕಿವೆ. ಮಗು ತರುವ ಮಾತಿನಿಂದ ಶಾಲೆಯ ಮಾತಿಗೆ ಅದನ್ನು ದಾಟಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಬೇತಮಂಗಲ, ಬಂಗಾರಪೇಟೆ, ಕೆಜಿಎಫ್ ಸೀಮೆಯ ಚರಿತ್ರೆಯಲ್ಲಿ ಈ ಎರಡೂ ಪ್ರಶ್ನೆಗಳು ಪಕ್ಕಪಕ್ಕದಲ್ಲೇ ಇವೆ.

ಕಲ್ಲಿನಲ್ಲಿ ಮೊದಲೇ ಇತ್ತು

‘ಕೋಲಾರಕ್ಕೆ ಈ ಭಾಷೆಗಳೆಲ್ಲ ಗಣಿ ಬಂದ ಮೇಲೆ ಬಂದವು’ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಅದು ಅರ್ಧ ಮಾತ್ರ ನಿಜ. ಬೇತಮಂಗಲದ ಹಳೆಯ ಹೆಸರು ವಿಜಯಾದಿತ್ಯಮಂಗಲ. ನಂದಿಬೆಟ್ಟದ ಕಡೆ ಹುಟ್ಟುವ ಪಾಲಾರ್ ನದಿಗೆ ಇಲ್ಲಿ ಏರಿ ಕಟ್ಟಿ ಮಾಡಿದ ದೊಡ್ಡ ಕೆರೆ ಸಾವಿರ ವರ್ಷಕ್ಕೂ ಹಿಂದಿನದು. ಅದೇ ನದಿ ಮುಂದೆ ಆಂಧ್ರದ ಕುಪ್ಪಂ ಸೀಮೆಯನ್ನು ಹಾದು ತಮಿಳುನಾಡಿನ ವಾಣಿಯಂಬಾಡಿ, ವೆಲ್ಲೂರಿನ ಕಡೆಗೆ ಹರಿಯುತ್ತದೆ. ಗಂಗರು, ಬಾಣರು, ನೊಳಂಬರು, ಚೋಳರು, ಹೊಯ್ಸಳರು ಒಬ್ಬರಾದ ಮೇಲೊಬ್ಬರು ಈ ಸೀಮೆಯನ್ನು ಆಳಿದ್ದಾರೆ. ಚೋಳರು ಬಂದಾಗ ಇದಕ್ಕೆ ನಿಗರಿಲಿ ಚೋಳಮಂಡಲ ಎಂದು ಹೆಸರಿಟ್ಟರು. ಕೋಲಾರದ ಕೋಲಾರಮ್ಮನ ಗುಡಿಯ ಗೋಡೆಗಳ ಮೇಲೆ 11ನೇ ಶತಮಾನದ ತಮಿಳು ಶಾಸನಗಳು ಇಂದಿಗೂ ಇವೆ. ಅದಕ್ಕೂ ಹಿಂದಿನ ಕನ್ನಡ ಶಾಸನಗಳು ಜಿಲ್ಲೆಯ ಹೊಲ, ಕೆರೆಯ ಏರಿಗಳಲ್ಲಿ ಸಿಗುತ್ತವೆ. ತೆಲುಗು ಶಾಸನಗಳೂ ಇವೆ.

ಈ ಶಾಸನಗಳನ್ನು ಒಟ್ಟುಮಾಡಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕೋಲಾರ ಜಿಲ್ಲೆಯ ಸಂಪುಟವಾಗಿ 1905ರಲ್ಲಿ ಹೊರತಂದವರು ಬಿ.ಎಲ್. ರೈಸ್. ಶಾಸನದ ರೈಸ್ ನಮಗೆ ಗೊತ್ತು. ಶಾಲೆಯ ರೈಸ್ ಅಷ್ಟಾಗಿ ಗೊತ್ತಿಲ್ಲ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಈ ಮನುಷ್ಯ ಮೊದಲು ಮೇಷ್ಟ್ರು, ಆಮೇಲೆ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಅಧಿಕಾರಿ. ಹಳ್ಳಿಗಳನ್ನು ಸುತ್ತಿ ಶಾಲೆ ನೋಡುವ ಕೆಲಸದಲ್ಲೇ ಅವರಿಗೆ ಕಲ್ಲುಗಳ ಮೇಲೂ ಕಣ್ಣು ಬಿದ್ದಿತು.

ಹೋಬಳಿ ಶಾಲೆಯ ಲೆಕ್ಕ

ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ ಶುರುವಾದದ್ದು 1857ರ ಸುಮಾರಿಗೆ. ಮೊದಲ ಹತ್ತು ವರ್ಷ ಅದರ ಗಮನವೆಲ್ಲ ದೊಡ್ಡ ಊರುಗಳ ಇಂಗ್ಲಿಷ್ ಶಾಲೆಗಳ ಮೇಲಿತ್ತು. ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠ. ಜಗಲಿಯ ಮೇಲೋ ಗುಡಿಯ ಅಂಗಳದಲ್ಲೋ ಒಬ್ಬ ಅಯ್ಯನವರು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸಿ, ಊರವರು ಕೊಟ್ಟ ದವಸದಲ್ಲಿ ಬದುಕುತ್ತಿದ್ದರು. ಬೌರಿಂಗ್ ಕಮಿಷನರ್ ಆಗಿದ್ದ ಕಾಲದಲ್ಲಿ, 1868ರಲ್ಲಿ, ರೈಸ್ ರೂಪಿಸಿದ ಹೋಬಳಿ ಶಾಲೆ ಯೋಜನೆ ಬಂತು. ಹೋಬಳಿಗೆ ಒಂದಾದರೂ ಸರ್ಕಾರಿ ಶಾಲೆ ಇರಬೇಕು, ಊರವರು ಕಟ್ಟಡ ಕೊಡಬೇಕು, ಆಯಾ ಸೀಮೆಯ ಮೇಷ್ಟ್ರನ್ನೇ ಆರಿಸಿ ನಾರ್ಮಲ್ ಸ್ಕೂಲಿನಲ್ಲಿ ತರಬೇತಿ ಕೊಟ್ಟು ಕಳಿಸಬೇಕು. ಪಾಠ ದೇಶಭಾಷೆಯಲ್ಲಿ.

ಈ ಯೋಜನೆಯ ಒಂದು ಅಂಶವನ್ನು ಕೋಲಾರ ಸೀಮೆಯಲ್ಲಿ ನಿಂತು ನೋಡಬೇಕು. ದೇಶಭಾಷೆ ಎಂದರೆ ಮುಖ್ಯವಾಗಿ ಕನ್ನಡ. ಕೋಲಾರ ಜಿಲ್ಲೆಯಲ್ಲಾದರೋ ಹಳ್ಳಿಯವರ ಮನೆಮಾತು ಹೆಚ್ಚಾಗಿ ತೆಲುಗು. ಸಂಸ್ಥಾನದ ವರದಿಗಳು ಹಿಂದೂಸ್ತಾನಿ ಶಾಲೆಗಳನ್ನು ಬೇರೆಯಾಗಿ ಲೆಕ್ಕ ಹಾಕುತ್ತಿದ್ದವು, ಮುಸ್ಲಿಂ ಮಕ್ಕಳಿಗೆ ಉರ್ದುವಿನಲ್ಲಿ ಓದುವ ದಾರಿ ಹೀಗೆ ಪ್ರತ್ಯೇಕವಾಗಿ ತೆರೆದುಕೊಂಡಿತು. ತೆಲುಗು ಮನೆಮಾತಿನ ಮಕ್ಕಳು ಕನ್ನಡ ಶಾಲೆಯಲ್ಲೇ ಕೂತರು. ಆದರೆ ಮೇಷ್ಟ್ರು ಅದೇ ಸೀಮೆಯವರಾಗಿದ್ದರಿಂದ ಅವರಿಗೂ ತೆಲುಗು ಬರುತ್ತಿತ್ತು. ಪುಸ್ತಕದಲ್ಲಿ ಕನ್ನಡ, ವಿವರಣೆಯಲ್ಲಿ ತೆಲುಗು. ಯಾವ ಸುತ್ತೋಲೆಯಲ್ಲೂ ಬರೆಯದ ದ್ವಿಭಾಷಾ ಪಾಠ ಅದು. ಊರಿನ ಮೇಷ್ಟ್ರನ್ನು ಊರಿನ ಶಾಲೆಗೇ ಹಾಕುವ ನಿಯಮ ಈ ಸೌಕರ್ಯವನ್ನು ತಾನಾಗಿಯೇ ತಂದುಕೊಟ್ಟಿತ್ತು.

1864ರಲ್ಲಿ ರೈಲು ಬಂತು. ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆ ಹುಟ್ಟಿತು, ಅದೇ ಇಂದಿನ ಬಂಗಾರಪೇಟೆ. ಹಿಂದೆ ತಾಲ್ಲೂಕಿನ ಮುಖ್ಯ ಊರಾಗಿದ್ದ ಬೇತಮಂಗಲ ರೈಲುದಾರಿಯಿಂದ ದೂರ ಉಳಿದು ಸಣ್ಣದಾಯಿತು. ಕಚೇರಿಗಳ ಜೊತೆ ದೊಡ್ಡ ಶಾಲೆಗಳೂ ರೈಲಿನ ಹಿಂದೆ ಹೋದವು.

ಗಣಿ ಕರೆತಂದ ತಮಿಳು

ಐರಿಶ್ ನಿವೃತ್ತ ಸೈನಿಕ ಮೈಕೆಲ್ ಲವೆಲ್‌ಗೆ 1875ರಲ್ಲಿ ಗಣಿ ತೋಡಲು ಪರವಾನಗಿ ಸಿಕ್ಕಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗೆ ರೈಲು ಹಳಿ, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್. ಅದೇ ವರ್ಷಗಳಲ್ಲಿ ಬೇತಮಂಗಲ ಕೆರೆಯ ನೀರು ಪೈಪಿನಲ್ಲಿ ಗಣಿ ಊರಿಗೆ ಹರಿಯಿತು. ಭೂಮಿಯ ಒಳಗೆ ಇಳಿದು ದುಡಿಯಲು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಜನ ಬಂದರು. ಅವರಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತರು. ಊರಿನ ಜಮೀನ್ದಾರನ ಕೈಯಿಂದ ತಪ್ಪಿಸಿಕೊಂಡು ಕೂಲಿ ಲೈನುಗಳ ತಡಿಕೆ ಗುಡಿಸಲಿಗೆ ಬಂದವರು ಅವರು.

ಗಣಿ ಊರಿನಲ್ಲಿ ಶಾಲೆಗಳು ಚರ್ಮದ ಬಣ್ಣ ನೋಡಿ ಬೇರೆಯಾದವು. ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಇಂಗ್ಲಿಷ್ ಶಾಲೆ. ಕೂಲಿಗಳ ಮಕ್ಕಳಿಗೆ ಮಿಷನ್‌ನವರು ನಡೆಸಿದ ಶಾಲೆಗಳಲ್ಲೋ ಅಥವಾ ತಮ್ಮವರೇ ಕಟ್ಟಿದ ಸಂಘಗಳಲ್ಲೋ ತಮಿಳು ಅಕ್ಷರ. ಈ ಸಂಘಗಳ ಕಥೆಯನ್ನು ಕನ್ನಡದಲ್ಲಿ ನಾವು ಓದಿದ್ದು ಕಡಿಮೆ. ಮದರಾಸಿನ ಪಂಡಿತ ಅಯೋತಿ ದಾಸರು ದಲಿತರನ್ನು ಬೌದ್ಧ ಧರ್ಮದ ಕಡೆಗೆ ಕರೆದಾಗ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫಿನ ಗಣಿ ಕೆಲಸಗಾರರು ಅವರ ದೊಡ್ಡ ಬೆಂಬಲಿಗರಾದರು. 1907ರಲ್ಲಿ ದಾಸರು ಶುರುಮಾಡಿದ ತಮಿಳು ವಾರಪತ್ರಿಕೆ ‘ತಮಿಳನ್’ ಗಣಿಯ ಲೈನುಗಳಲ್ಲಿ ಓದಿಸಿಕೊಂಡಿತು. ದಾಸರು 1914ರಲ್ಲಿ ತೀರಿಕೊಂಡ ಮೇಲೆ, 1920ರ ದಶಕದಲ್ಲಿ, ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಅದು ಕೆಜಿಎಫ್‌ನಿಂದಲೇ ಹೊರಬಂತು. ಚಾಂಪಿಯನ್ ರೀಫಿನ ಸಿದ್ಧಾರ್ಥ ಪುಸ್ತಕಶಾಲೆ ದಾಸರ ಬರಹಗಳನ್ನು ಅಚ್ಚುಹಾಕಿತು.

ಇದನ್ನು ಇಲ್ಲಿ ನೆನೆಯಲು ಕಾರಣವಿದೆ. ಕೆಜಿಎಫ್‌ನ ತಮಿಳಿನ ಬಗ್ಗೆ ಮಾತು ಬಂದಾಗಲೆಲ್ಲ ಅದನ್ನು ರಾಜಕೀಯ ಪಕ್ಷಗಳ ಬಾವುಟ, ಸಿನಿಮಾ ಅಭಿಮಾನಿ ಸಂಘ ಎಂದಷ್ಟೇ ನೋಡುವ ರೂಢಿ ನಮ್ಮಲ್ಲಿದೆ. ಆ ಜನಕ್ಕೆ ತಮಿಳು ಅಕ್ಷರ ಎಂದರೆ ಊರಿನಲ್ಲಿ ಜಾತಿಯ ಕಾರಣಕ್ಕೆ ನಿರಾಕರಿಸಲಾಗಿದ್ದ ಓದು ಮೊದಲ ಸಲ ಕೈಗೆ ಸಿಕ್ಕಿದ್ದು. 1930ರ ಮುಷ್ಕರ, 1946ರಲ್ಲಿ ಗುಂಡಿಗೆ ಬಲಿಯಾದ ಕಾರ್ಮಿಕರ ನೆನಪು, ಕರಪತ್ರ, ಭಾಷಣ ಎಲ್ಲವೂ ಆ ಭಾಷೆಯಲ್ಲೇ ಇವೆ. ಅಂಥ ಮನೆಯ ಮಗುವಿಗೆ ‘ನಿನ್ನ ಮಾತನ್ನು ಗೇಟಿನ ಹೊರಗೆ ಬಿಟ್ಟು ಬಾ’ ಎಂದರೆ ಅದು ಬಿಟ್ಟುಬರಬೇಕಾದದ್ದು ಭಾಷೆಯನ್ನಷ್ಟೇ ಆಗಿರುವುದಿಲ್ಲ.

ತೆಲುಗಿನವರು ತೆಲುಗು ಶಾಲೆ ಯಾಕೆ ಕೇಳಲಿಲ್ಲ?

ಹತ್ತು ಹನ್ನೆರಡು ಕಿಲೋಮೀಟರ್ ಈಚೆಗೆ, ಬೇತಮಂಗಲದ ಹಳ್ಳಿಗಳಲ್ಲಿ, ಕಥೆಯೇ ಬೇರೆ. ಇಲ್ಲಿನ ತೆಲುಗು ಮನೆಮಾತಿನ ರೈತರು ತೆಲುಗು ಶಾಲೆಗಾಗಿ ದೊಡ್ಡ ಹೋರಾಟ ಮಾಡಿದವರಲ್ಲ. ಪಹಣಿ, ಕಂದಾಯ ರಸೀದಿ, ಕೋರ್ಟಿನ ನೋಟಿಸು ಎಲ್ಲ ಕನ್ನಡದಲ್ಲಿ ಇದ್ದವು. ಕನ್ನಡ ಕಲಿತವನಿಗೆ ಶಾನುಭೋಗರ ಮುಂದೆ ಕೈಕಟ್ಟಿ ನಿಲ್ಲುವ ಪ್ರಸಂಗ ಕಡಿಮೆ. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳಂತಿರುವುದರಿಂದ ಒಂದನ್ನು ಕಲಿತವನಿಗೆ ಇನ್ನೊಂದು ಅರ್ಧ ಬಂದ ಹಾಗೆಯೇ.

ಇನ್ನೂ ಒಂದು ಕಾರಣವಿದೆ. ಈ ಸೀಮೆಯಲ್ಲಿ ತೆಲುಗು ಕನ್ನಡದ ಬಟ್ಟೆ ತೊಟ್ಟು ಓಡಾಡುತ್ತಿತ್ತು. ಕೈವಾರದ ನಾರೇಯಣ ತಾತಯ್ಯನವರು ಕನ್ನಡ, ತೆಲುಗು ಎರಡರಲ್ಲೂ ಹಾಡಿದವರು. ಅವರ ತೆಲುಗು ಪದಗಳನ್ನು ಜನ ಕನ್ನಡ ಲಿಪಿಯಲ್ಲೇ ಓದಿ ಹಾಡುತ್ತಾರೆ. ಹಳ್ಳಿಯ ಕೇಳಿಕೆಯವರ ಕೈಯಲ್ಲಿರುವ ನಾಟಕದ ಪುಸ್ತಕದಲ್ಲಿ ಮಾತು ತೆಲುಗು, ಅಕ್ಷರ ಕನ್ನಡ. ಅಂದರೆ ಕನ್ನಡ ಅಕ್ಷರ ಕಲಿತ ರೈತನಿಗೆ ತನ್ನ ತೆಲುಗನ್ನು ಕಳೆದುಕೊಂಡ ಭಾವ ಬರಲಿಲ್ಲ. ಮನೆಯಲ್ಲಿ ತಮಿಳಾಡುತ್ತಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಮಾಲೂರು ಕಡೆಯಿಂದ ಬಂದು ಕನ್ನಡದ ಆಸ್ತಿಯಾದದ್ದು, 1983ರ ಜ್ಞಾನಪೀಠ ಪಡೆದದ್ದು ಎಲ್ಲರಿಗೂ ಗೊತ್ತು. ಕೋಲಾರ ಜಿಲ್ಲೆಯ ಕನ್ನಡವನ್ನು ಹೀಗೆ ಬೇರೆ ಮನೆಮಾತಿನವರೂ ಸೇರಿಯೇ ಕಟ್ಟಿದರು.

ಭಾಷಾವಾರು ಪ್ರಾಂತ್ಯಗಳ ಕಾಲದಲ್ಲಿ ಆಂಧ್ರದ ಕಡೆಯಿಂದ ಕೋಲಾರ ತಮಗೆ ಸೇರಬೇಕೆಂಬ ಬೇಡಿಕೆ ಬಂತು. 1955ರ ರಾಜ್ಯ ಪುನರ್ವಿಂಗಡಣಾ ಆಯೋಗ ಮನೆಮಾತಿನ ಲೆಕ್ಕವೊಂದನ್ನೇ ಹಿಡಿಯದೆ ಜಿಲ್ಲೆ ಕರ್ನಾಟಕದಲ್ಲೇ ಉಳಿಯಲಿ ಎಂದಿತು. ಮನೆಯಲ್ಲಿ ತೆಲುಗಾಡುವ ಜನ ಕನ್ನಡ ರಾಜ್ಯದಲ್ಲಿ ಉಳಿದರು, ಅದನ್ನು ತಮ್ಮದೇ ಎಂದುಕೊಂಡರು. ಅವರ ಈ ಒಪ್ಪಿಗೆಯನ್ನು ನಾವು ಹಗುರವಾಗಿ ತೆಗೆದುಕೊಂಡೆವು. ಅವರು ಕೇಳಲಿಲ್ಲ ಎಂಬ ಕಾರಣಕ್ಕೆ ಅವರ ಮಕ್ಕಳ ಮನೆಮಾತು ಶಾಲೆಯ ಕಾಗದದಲ್ಲಿ ಇಲ್ಲವೇ ಇಲ್ಲ ಎಂಬಂತಾಯಿತು.

ನಲವತ್ತು ಮಕ್ಕಳಿದ್ದರೆ ಒಬ್ಬ ಮೇಷ್ಟ್ರು

ಸ್ವಾತಂತ್ರ್ಯದ ನಂತರ ದೇಶ ಕಂಡುಕೊಂಡ ಸೂತ್ರ ಸರಳವಾಗಿತ್ತು. 1949ರ ಆಗಸ್ಟ್‌ನಲ್ಲಿ ಸೇರಿದ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ನಿರ್ಣಯ ಮಾಡಿತು: ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕರನ್ನಾದರೂ ಕೊಡಬೇಕು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸುವುದು ರಾಜ್ಯಗಳ ಹೊಣೆಯಾಯಿತು. ಕರ್ನಾಟಕ ಈ ಹೊಣೆಯನ್ನು ಕಾಗದದಲ್ಲಿ ಚೆನ್ನಾಗಿಯೇ ಹೊತ್ತಿದೆ. ಕನ್ನಡ, ಇಂಗ್ಲಿಷ್, ಉರ್ದು, ಹಿಂದಿ, ಮರಾಠಿ, ತೆಲುಗು, ತಮಿಳು ಹೀಗೆ ಏಳು ಮಾಧ್ಯಮಗಳಲ್ಲಿ ಪಠ್ಯಪುಸ್ತಕ ಅಚ್ಚಾಗುತ್ತದೆ. ಇಷ್ಟು ಮಾಡುವ ರಾಜ್ಯಗಳು ಹೆಚ್ಚಿಲ್ಲ.

ಆದರೆ ಈ ಸೂತ್ರ ಮಕ್ಕಳನ್ನು ಭಾಷೆಯ ಪ್ರಕಾರ ಬೇರೆ ಬೇರೆ ಕೋಣೆಯಲ್ಲಿ ಕೂರಿಸುವುದಕ್ಕೆ ಮಾತ್ರ ಬರುತ್ತದೆ. ಮೂವತ್ತು ಮಕ್ಕಳ ಹಳ್ಳಿ ಶಾಲೆಯಲ್ಲಿ ಹದಿನೈದು ತೆಲುಗು, ಎಂಟು ಕನ್ನಡ, ನಾಲ್ಕು ದಖನಿ, ಮೂರು ತಮಿಳು ಮನೆಮಾತಿನ ಮಕ್ಕಳಿದ್ದರೆ ಏನು ಮಾಡಬೇಕು? ಅಲ್ಲಿ ನಾಲ್ಕು ಕೋಣೆಗಳೂ ಇಲ್ಲ, ನಾಲ್ವರು ಮೇಷ್ಟ್ರೂ ಇಲ್ಲ. ಒಬ್ಬರು ಟೀಚರಮ್ಮ, ಒಂದು ಹಲಗೆ, ಒಂದರಿಂದ ಮೂರನೇ ತರಗತಿಯವರೆಗೆ ಒಟ್ಟಿಗೆ.

ಗೋಕಾಕ್ ವರದಿಯಿಂದ ಸುಪ್ರೀಂ ಕೋರ್ಟಿಗೆ

1980ರಲ್ಲಿ ವಿ.ಕೃ. ಗೋಕಾಕರ ಸಮಿತಿ ನೇಮಕವಾಯಿತು. ಕರ್ನಾಟಕದಲ್ಲೇ ಹುಟ್ಟಿ ಬೆಳೆದ ಮಗು ಕನ್ನಡದ ಒಂದಕ್ಷರವನ್ನೂ ಓದದೆ ಪ್ರೌಢಶಾಲೆ ಮುಗಿಸಬಹುದಾದ ಸ್ಥಿತಿ ಆಗ ಇತ್ತು. ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು ಅಂಕ ಗಳಿಸುವ ದಾರಿಯೂ ಇತ್ತು. 1981ರ ವರದಿ ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕ ಎಂದಿತು. 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದ ಮೇಲೆ ಚಳವಳಿ ಇಡೀ ರಾಜ್ಯದ್ದಾಯಿತು, ಸರ್ಕಾರ ಆದೇಶ ಹೊರಡಿಸಿತು. ಕನ್ನಡಿಗರ ಸಿಟ್ಟಿಗೆ ಕಾರಣವಿತ್ತು. ತನ್ನ ನೆಲದಲ್ಲೇ ಕನ್ನಡ ಬೇಡದ ವಿಷಯವಾಗಿದ್ದನ್ನು ಅದು ಪ್ರಶ್ನಿಸಿತು. ಆದರೆ ಅದೇ ಆದೇಶವನ್ನು ಉರ್ದು, ತಮಿಳು, ಮರಾಠಿ ಮನೆಗಳು ಬೇರೆ ರೀತಿಯಲ್ಲಿ ಓದಿದವು. ಸಂಸ್ಕೃತದ ಮೇಲೆ ಹೊರಟ ಬಾಣ ತಮ್ಮ ಮಕ್ಕಳಿಗೆ ತಗುಲಿತು ಎಂಬುದು ಅವರ ಅಳಲು.

ಭಾಷಾ ಅಲ್ಪಸಂಖ್ಯಾತರ ರಕ್ಷಣಾ ಸಮಿತಿ ಕೋರ್ಟಿಗೆ ಹೋಯಿತು. 1989ರ ಜನವರಿಯಲ್ಲಿ ಹೈಕೋರ್ಟ್ ಕನ್ನಡವನ್ನು ಏಕೈಕ ಪ್ರಥಮ ಭಾಷೆಯಾಗಿ ಹೇರುವುದು ಅಲ್ಪಸಂಖ್ಯಾತರ ಹಕ್ಕಿಗೆ ವಿರುದ್ಧ ಎಂದಿತು. ಅದೇ ವರ್ಷದ ಜೂನ್‌ನಲ್ಲಿ ಹೊರಟ ಹೊಸ ಆದೇಶ ಒಂದು ಸಮಾಧಾನದ ದಾರಿ ಹುಡುಕಿತು: ಒಂದರಿಂದ ನಾಲ್ಕನೇ ತರಗತಿ ಸಾಮಾನ್ಯವಾಗಿ ಮಾತೃಭಾಷೆಯಲ್ಲಿ, ಕನ್ನಡೇತರ ಮಕ್ಕಳಿಗೆ ಮೂರನೇ ತರಗತಿಯಿಂದ ಕನ್ನಡ ಐಚ್ಛಿಕ, ಅದಕ್ಕೆ ಪರೀಕ್ಷೆ ಇಲ್ಲ. 1993ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಮಗು ಮೊದಲು ತನ್ನ ಮಾತಿನಲ್ಲಿ ಕಾಲೂರಿ, ಭಯವಿಲ್ಲದೆ ಎರಡನೆಯದಕ್ಕೆ ಕೈಚಾಚಲಿ ಎಂಬ ಬೋಧನೆಯ ತಿಳಿವಳಿಕೆ ಆ ಆದೇಶದಲ್ಲಿತ್ತು. ನಮ್ಮ ಭಾಷಾ ಜಗಳದ ಇಡೀ ದಾಖಲೆಯಲ್ಲಿ ಅಂಥದ್ದು ಅಪರೂಪ.

ಮುಂದೆ ಜಗಳ ಬೇರೆ ಕಡೆಗೆ ತಿರುಗಿತು. 1994ರ ಏಪ್ರಿಲ್‌ನ ಭಾಷಾ ನೀತಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕು ಎಂದಿತು. ಖಾಸಗಿ ಇಂಗ್ಲಿಷ್ ಶಾಲೆಗಳು ಕೋರ್ಟಿಗೆ ಹೋದವು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾಧ್ಯಮದ ಆಯ್ಕೆ ತಂದೆತಾಯಿಗೆ ಸೇರಿದ್ದು, ಸರ್ಕಾರ ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಮರುವರ್ಷ ಕನ್ನಡ ಭಾಷಾ ಕಲಿಕೆ ಅಧಿನಿಯಮ ಬಂತು: ಮಾಧ್ಯಮ ಯಾವುದೇ ಇರಲಿ, ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಓದಲೇಬೇಕು. 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು.

ಕೆಜಿಎಫ್‌ನಲ್ಲಿ ಇದರ ಜೊತೆಗೆ ಇನ್ನೊಂದು ಪೆಟ್ಟು ಬಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅಪ್ಪಂದಿರು ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಅಲ್ಲಿ ಕೆಲಸ ಕೊಡಿಸುವ ಭಾಷೆ ಇಂಗ್ಲಿಷ್, ಆಮೇಲೆ ಕನ್ನಡ. ತಮಿಳು ಮಾಧ್ಯಮದಿಂದ ಮಕ್ಕಳನ್ನು ಬಿಡಿಸಿದ್ದು ಯಾವ ಕನ್ನಡ ಚಳವಳಿಯೂ ಅಲ್ಲ, ಹೊಟ್ಟೆಪಾಡು. ನೂರು ವರ್ಷ ಕನ್ನಡಕ್ಕೂ ತಮಿಳಿಗೂ ನಡೆದ ಎಳೆದಾಟದಲ್ಲಿ ಕೊನೆಗೆ ಮಕ್ಕಳು ಹೋದದ್ದು ಮೂರನೆಯವರ ಮನೆಗೆ.

‘ಪಾಲು’ ಎಂದ ಮಗು

ಈಗ ಕೋರ್ಟಿನಿಂದ ತರಗತಿಗೆ ಬರೋಣ. ಹಾಲಿನ ಚಿತ್ರ ತೋರಿಸಿ ಟೀಚರ್ ‘ಇದೇನು?’ ಎನ್ನುತ್ತಾರೆ. ತೆಲುಗು ಮನೆಯ ಮಗು ‘ಪಾಲು’ ಎನ್ನುತ್ತದೆ. ತಮಿಳು ಮನೆಯ ಮಗು ‘ಪಾಲ್’ ಎನ್ನುತ್ತದೆ. ‘ತಪ್ಪು, ಹಾಲು ಅನ್ನು’ ಎಂದು ತಿದ್ದಿದರೆ ಪಾಠ ಅಲ್ಲಿಗೆ ಮುಗಿಯಿತು. ಇದನ್ನೇ ಹಲಗೆಯ ಮೇಲೆ ಮೂರು ಸಾಲಾಗಿ ಬರೆದು ನೋಡಿ. ಕನ್ನಡದ ಹುಲಿ, ಹೂವು, ಹೆಸರು, ಹತ್ತು ಇವುಗಳ ಎದುರು ತಮಿಳಿನ ಪುಲಿ, ಪೂ, ಪೇರ್, ಪತ್ತು. ತೆಲುಗಿನ ಪುಲಿ, ಪುವ್ವು, ಪೇರು, ಪದಿ. ಎರಡು ಭಾಷೆಯಲ್ಲೂ ‘ಪ’ ಇರುವ ಕಡೆ ಕನ್ನಡದಲ್ಲಿ ‘ಹ’ ಇದೆ. ಐದು ಪದ ಬರೆಯುವಷ್ಟರಲ್ಲಿ ಮಕ್ಕಳೇ ಆರನೆಯದನ್ನು ಊಹಿಸುತ್ತಾರೆ. ಗಡಿ ದಾಟಿದ ಕೂಡಲೇ ಬಸ್ಸಿನ ಬೋರ್ಡಿನಲ್ಲಿ ‘ಹಳ್ಳಿ’ ಎನ್ನುವುದು ‘ಪಲ್ಲಿ’ ಆಗುವುದು ಯಾಕೆಂದು ಅವರಿಗೆ ತಾವಾಗಿಯೇ ಹೊಳೆಯುತ್ತದೆ.

ಇನ್ನೂ ಒಂದು ಸಂಗತಿ ಹೇಳಬೇಕು. ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು, ಹೂವು ‘ಪೂ’, ಹೆಸರು ‘ಪೆಸರ್’, ಹೋಗು ‘ಪೋಗು’. ಪಂಪನ ಕಾಲದ, ಅಂದರೆ ಈ ಸೀಮೆಯನ್ನು ನೊಳಂಬರು ಆಳುತ್ತಿದ್ದ 10ನೇ ಶತಮಾನದ ಕನ್ನಡ ಅದು. ‘ಪ’ ಹೋಗಿ ‘ಹ’ ಬಂದದ್ದು ಆಮೇಲಿನ ಶತಮಾನಗಳಲ್ಲಿ. ಟೀಚರ್ ತಪ್ಪು ಎಂದು ಗೀಟು ಹಾಕಿದ ಪದ ಸಾವಿರ ವರ್ಷದ ಹಿಂದೆ ಇದೇ ಊರಿನಲ್ಲಿ ಸರಿಯಾದ ಕನ್ನಡವಾಗಿತ್ತು.

ಎಲ್ಲ ತೊಡಕೂ ಇಷ್ಟು ಸುಲಭವಲ್ಲ. ತೆಲುಗು ಮಗು ಹೌದು ಎನ್ನಲು ‘ಅವುನು’ ಎನ್ನುತ್ತದೆ, ಕನ್ನಡದ ಕಿವಿಗೆ ಅದು ‘ಅವನು’ ಎಂದು ಕೇಳುತ್ತದೆ. ತೆಲುಗಿನಲ್ಲಿ ಅಮ್ಮ ಬಂದರೂ, ಬಸ್ಸು ಬಂದರೂ ಕ್ರಿಯಾಪದ ‘ವಚ್ಚಿಂದಿ’ ಎಂದೇ. ಆದ್ದರಿಂದ ಆ ಮಗು ಕನ್ನಡದಲ್ಲಿ ‘ಅಮ್ಮ ಬಂತು’ ಎಂದರೆ ಅದು ಅಗೌರವವೂ ಅಲ್ಲ, ದಡ್ಡತನವೂ ಅಲ್ಲ, ಅದರ ಮನೆಯ ವ್ಯಾಕರಣ. ತಮಿಳು ಲಿಪಿಯಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ತ ಮತ್ತು ದ, ಪ ಮತ್ತು ಬ ಕೂಡ ಹಾಗೆಯೇ. ತಮಿಳು ಮಾಧ್ಯಮದಿಂದ ಬಂದ ಹುಡುಗ ‘ಗಿಡ’ವನ್ನು ‘ಕಿಡ’ ಎಂದು ಬರೆದರೆ ನೂರು ಸಲ ಬರೆಸುವುದಕ್ಕಿಂತ ಈ ಕಾರಣವನ್ನು ಎರಡು ನಿಮಿಷ ಹೇಳುವುದು ಒಳ್ಳೆಯದು. ದಖನಿ ಮಗುವಿನ ಮಾತಿನಲ್ಲಿ ಮೇಜು, ಕುರ್ಚಿಗೂ ಗಂಡು ಹೆಣ್ಣಿನ ಭೇದವಿದೆ. ಕನ್ನಡದಲ್ಲಿ ಅದಿಲ್ಲ ಎಂದು ತಿಳಿದರೆ ಅದಕ್ಕೆ ಹಗುರವೇ ಆಗುತ್ತದೆ. ಆ ಮಗು ಉರ್ದು ಶಾಲೆಗೆ ಹೋದರೂ ಅಲ್ಲಿನ ಪುಸ್ತಕದ ಉರ್ದು ಮನೆಯ ದಖನಿಯಿಂದ ದೂರವೇ ಇರುತ್ತದೆ ಎಂಬುದನ್ನೂ ಮರೆಯಬಾರದು.

ಇದೆಲ್ಲ ಟೀಚರಿಗೆ ನಾಲ್ಕು ಭಾಷೆಯ ಪಾಂಡಿತ್ಯ ಬೇಕು ಎಂದಲ್ಲ. ಯಾವ ತಪ್ಪು ಎಲ್ಲಿಂದ ಬರುತ್ತದೆ ಎಂಬ ತಿಳಿವಳಿಕೆ ಬೇಕು. ಅದನ್ನು ಎರಡು ದಿನದ ತರಬೇತಿಯಲ್ಲಿ ಕೊಡಬಹುದು. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ. ಅದರ ಸ್ಥಾಪಕ ನಿರ್ದೇಶಕ ಡಿ.ಪಿ. ಪಟ್ಟನಾಯಕ್ ಬಹುಭಾಷಿಕತೆ ಮತ್ತು ಮಾತೃಭಾಷಾ ಶಿಕ್ಷಣದ ಬಗ್ಗೆಯೇ ಪುಸ್ತಕ ಬರೆದವರು. ಬೇತಮಂಗಲದಿಂದ ಸ್ವಲ್ಪ ದೂರದಲ್ಲಿ, ಗಡಿಯಾಚೆ ಕುಪ್ಪಂನಲ್ಲಿ, 1997ರಲ್ಲಿ ದ್ರಾವಿಡ ವಿಶ್ವವಿದ್ಯಾಲಯ ಶುರುವಾಯಿತು. ವಿದ್ಯೆ ಹತ್ತಿರದಲ್ಲೇ ಇದೆ, ಒಂದನೇ ತರಗತಿಯ ಬಾಗಿಲಿಗೆ ಬಂದಿಲ್ಲ.

ಗಡಿಯಾಚೆಯಿಂದ ಬಂದ ನಲಿಕಲಿ

ಬರುವುದು ಅಸಾಧ್ಯವೇನಲ್ಲ ಎಂಬುದಕ್ಕೆ ನಲಿಕಲಿಯೇ ಸಾಕ್ಷಿ. ಶ್ರೀನಿವಾಸಪುರದ ಗಡಿ ದಾಟಿದರೆ ಸಿಗುವ ಮದನಪಲ್ಲಿಯ ಬಳಿ ರಿಷಿವ್ಯಾಲಿ ಇದೆ. ಅಲ್ಲಿನವರು ಸುತ್ತಲ ತೆಲುಗು ಹಳ್ಳಿಗಳ ಪುಟ್ಟ ಶಾಲೆಗಳಿಗಾಗಿ ಕಾರ್ಡುಗಳ ಕಲಿಕಾ ಪದ್ಧತಿಯನ್ನು ರೂಪಿಸಿದರು. ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುವಂತೆ ಮಾಡಿದರು. ಒಬ್ಬನೇ ಮೇಷ್ಟ್ರು ಹಲವು ತರಗತಿ ನೋಡುವ ಶಾಲೆಗೆ ಹೊಂದುವ ವಿಧಾನ ಅದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ, ಕನ್ನಡಕ್ಕೆ ತಕ್ಕಂತೆ ಅದನ್ನು ಮರುರೂಪಿಸಿದರು. ಅದೇ ನಲಿಕಲಿ. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು.

ತೆಲುಗು ಹಳ್ಳಿಗಾಗಿ ಹುಟ್ಟಿದ ಪದ್ಧತಿ ಕಾಡಂಚಿನ ಕನ್ನಡ ತಾಲ್ಲೂಕನ್ನು ಸುತ್ತಿಕೊಂಡು ಕೋಲಾರದ ತೆಲುಗು ಮನೆಮಾತಿನ ಮಕ್ಕಳ ಮುಂದೆ ಕನ್ನಡ ಕಾರ್ಡುಗಳಾಗಿ ಬಂದು ನಿಂತಿತು. ವೇಗವನ್ನು ಅದು ಮಗುವಿಗೆ ಬಿಟ್ಟುಕೊಟ್ಟಿತು. ಭಾಷೆಯನ್ನು ಬಿಟ್ಟುಕೊಡುವ ಒಂದು ಮೆಟ್ಟಿಲನ್ನು, ಅಂದರೆ ಮನೆಮಾತಿನಲ್ಲಿ ಮೊದಲು ಮಾತಾಡಿ ಆಮೇಲೆ ಕನ್ನಡಕ್ಕೆ ಬರುವ ಕಾರ್ಡುಗಳನ್ನು, ಗಡಿ ತಾಲ್ಲೂಕುಗಳಿಗೆ ಸೇರಿಸುವುದು ಅದೇ ಶಿಕ್ಷಕರಿಂದ ಸಾಧ್ಯವಿರುವ ಕೆಲಸ.

ಕಾಸರಗೋಡಿನ ಕನ್ನಡಿ

ಇದನ್ನೆಲ್ಲ ಮಾಡಿದರೆ ಕನ್ನಡ ದುರ್ಬಲವಾಗುತ್ತದೆ ಎಂಬ ಆತಂಕ ಕೆಲವರಿಗೆ ಇದೆ. ಅವರು ಒಮ್ಮೆ ಕಾಸರಗೋಡಿನ ಕಡೆ ನೋಡಬೇಕು. 1956ರಲ್ಲಿ ಕೇರಳಕ್ಕೆ ಸೇರಿದ ಆ ಸೀಮೆಯಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳಂಥ ಮೇಷ್ಟ್ರುಗಳು ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳಲು ಜೀವ ತೇಯ್ದರು. 2017ರಲ್ಲಿ ಕೇರಳ ಮಲಯಾಳವನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿದಾಗ ಅಲ್ಲಿನ ಕನ್ನಡಿಗರು ಆತಂಕಪಟ್ಟರು. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗೆ ಹಾಕಿದಾಗ ಮಕ್ಕಳೇ ಪ್ರತಿಭಟನೆಗೆ ಕೂತರು. ‘ಮೇಷ್ಟ್ರು ಹೇಳುವುದು ಅರ್ಥವಾಗುತ್ತಿಲ್ಲ’ ಎಂಬ ಆ ಮಕ್ಕಳ ಮಾತು ನ್ಯಾಯವಾದದ್ದು ಎಂದು ನಾವೆಲ್ಲ ಇಲ್ಲಿಂದ ದನಿಗೂಡಿಸಿದೆವು. ಬೇತಮಂಗಲದ ಹಳ್ಳಿಯ ತೆಲುಗು ಮಗು, ಆಂಡರ್ಸನ್‌ಪೇಟೆಯ ತಮಿಳು ಮಗು ಹೇಳಲಾಗದೆ ಸುಮ್ಮನೆ ಕೂತಿರುವುದೂ ಅದೇ ಮಾತನ್ನು.

ಈ ಮಕ್ಕಳಿಗೆ ಕನ್ನಡ ಬೇಡ ಎಂದು ಯಾರೂ ಹೇಳುತ್ತಿಲ್ಲ. ಕನ್ನಡ ಚೆನ್ನಾಗಿ ಬರಬೇಕು. ಪಹಣಿ ಓದಲು, ಅರ್ಜಿ ಬರೆಯಲು, ಬೆಂಗಳೂರಿನಲ್ಲಿ ತಲೆಯೆತ್ತಿ ಮಾತಾಡಲು ಬೇಕು. ಅದಕ್ಕಾಗಿಯೇ ಮೊದಲ ಆರು ತಿಂಗಳು ಅವರ ಮಾತಿಗೆ ತರಗತಿಯಲ್ಲಿ ಜಾಗ ಬೇಕು. ಗಡಿ ತಾಲ್ಲೂಕಿನ ಒಂದನೇ ತರಗತಿಗೆ ಮೇಷ್ಟ್ರನ್ನು ಹಾಕುವಾಗ ಆ ಊರಿನ ಮನೆಮಾತು ಬಲ್ಲವರನ್ನು ನೋಡಿ ಹಾಕುವುದು ಕಷ್ಟವಲ್ಲ, 1868ರ ಹೋಬಳಿ ಶಾಲೆಯಲ್ಲಿ ಅದು ಸಾಧ್ಯವಾಗಿತ್ತು. ವಾರಕ್ಕೊಮ್ಮೆ ಊರಿನ ಅಜ್ಜಿಯೊಬ್ಬರನ್ನು ಕರೆದು ತೆಲುಗಿನಲ್ಲೋ ತಮಿಳಿನಲ್ಲೋ ಕಥೆ ಹೇಳಿಸಿ, ಅದನ್ನು ಮಕ್ಕಳಿಂದ ಕನ್ನಡದಲ್ಲಿ ಮತ್ತೆ ಹೇಳಿಸಲು ಬಿಡಿಗಾಸೂ ಬೇಡ.

ಮಗುವನ್ನು ಶಾಲೆಗೆ ಸೇರಿಸುವ ದಿನ ದಾಖಲಾತಿ ಪುಸ್ತಕದಲ್ಲಿ ‘ಮಾತೃಭಾಷೆ’ ಎಂಬ ಅಂಕಣ ತುಂಬಿಸುತ್ತಾರೆ. ಈಗ ಅದು ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲೂ ಇದೆ. ಪ್ರತಿ ಶಾಲೆಯ ಪ್ರತಿ ಮಗುವಿನ ಮನೆಮಾತು ಯಾವುದು ಎಂದು ಇಲಾಖೆಗೆ ಈ ಕ್ಷಣವೇ ಗೊತ್ತು. ಬರುವ ಜೂನ್‌ನಲ್ಲಿ ಬೇತಮಂಗಲ ಹೋಬಳಿಯ ಶಾಲೆಗಳ ಆ ಒಂದು ಅಂಕಣವನ್ನು ಮುದ್ರಿಸಿ ಒಂದನೇ ತರಗತಿಯ ಟೀಚರ ಕೈಗೆ ಕೊಟ್ಟರೆ ಕೆಲಸ ಶುರುವಾಗುತ್ತದೆ.